ಹ್ಯಾರೋಗೇಟ್‌ನ ನೀರನ್ನು ನಾನು ಹೊಗಳಿದ್ದು

ಹ್ಯಾರೋಗೇಟ್, ಗುರುವಾರ

ಅಕ್ಕಾ,

ಬಂದ ದಿನವೇ ಇಲ್ಲೊಂದು ಉದ್ದನೆಯ ಸಾಲು ಕಂಡಿತು. ಸಾಲು ಕಂಡಲ್ಲೆಲ್ಲ ನಿಲ್ಲುವ ನಮ್ಮಮ್ಮನ ಮಗಳಲ್ಲವೇ ನಾನು, ಏತಕ್ಕೆಂದು ಕೇಳದೆ ನಿಂತೆ. ಕೊನೆಗೆ ಕೈಗೆ ಬಂದದ್ದು ಈ ಊರಿನ ಹೆಸರಾಂತ ಔಷಧಿ ನೀರು, ಒಂದು ಲೋಟ ಗಂಧಕದ ನೀರು, ಕೊಳೆತ ಮೊಟ್ಟೆಯ ನಾತ! ಹಿಂದೆ ಅಷ್ಟು ಜನ ಕಾಯುತ್ತಿರುವಾಗ ಬೇಡವೆನ್ನುವುದು ಹೇಗೆ? ಗಟಗಟ ಕುಡಿದುಬಿಟ್ಟೆ.

"ಹೆಂಗಿದೆ ತಾಯಿ?" ನೀರು ಕೊಡುವ ಮುದುಕಿ ಮಿಸೆಸ್ ಥ್ವೇಟ್ ಕೇಳಿದಳು.

ಚೆನ್ನಾಗಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ತುಂಬಾ ಚೆನ್ನಾಗಿದೆ" ಎಂದೆ.

"ನಲವತ್ತು ವರ್ಷದಲ್ಲಿ ಹಾಗಂದೋರು ನೀವೊಬ್ರೇ ಕಣಮ್ಮಾ!" ಎಂದು ಇನ್ನೊಂದು ಲೋಟ ತುಂಬಿಸಿ ಕೊಟ್ಟಳು.

ಈಗ ದಿನಾ ಬೆಳಿಗ್ಗೆ ಎಲ್ಲರೆದುರು ನನ್ನನ್ನು ಸಾಲಿನ ಮುಂದಕ್ಕೆ ಕರೆದು ಮೂರು ಲೋಟ ಕುಡಿಸುತ್ತಾಳೆ. ನೀನು ಹೇಳಿದ ಹೂದೋಟ, ಬ್ಯಾಂಡು ಒಂದನ್ನೂ ನೋಡಲಾಗಿಲ್ಲ. ಊರಿನ ಶೌಚಾಲಯಗಳು ಎಲ್ಲೆಲ್ಲಿವೆ ಎಂದು ಮಾತ್ರ ಕಣ್ಣು ಮುಚ್ಚಿ ಹೇಳಬಲ್ಲೆ.

ಯಾವುದಕ್ಕೆಂದು ಇಲ್ಲಿಗೆ ಬಂದೆನೋ ಆ ಮಂಡಿನೋವು ಮಾತ್ರ ಪೂರ್ತಿ ಹೋಗಿದೆ. ಇಲ್ಲಿಗೆ ಅಟ್ಟಿದ ಡಾಕ್ಟರಿಗೆ ಇದನ್ನು ಹೇಳಬೇಡ, ಮತ್ತೆ ಕಳಿಸಿಯಾರು.

ಶನಿವಾರ ಬರುತ್ತೇನೆ. ಮಿಸೆಸ್ ಥ್ವೇಟ್ ನಿನಗೆಂದು ಒಂದು ಬಾಟಲಿ ಕಟ್ಟಿಕೊಟ್ಟಿದ್ದಾಳೆ. ಹೇಗಿತ್ತೆಂದು ನೀನೇ ಅವಳಿಗೆ ಕಾಗದ ಬರೆಯಬೇಕಂತೆ. ದಮ್ಮಯ್ಯ, ಚೆನ್ನಾಗಿತ್ತು ಅಂತ ಮಾತ್ರ ಬರೀಬೇಡ.

ಅವಸರದಲ್ಲಿ (ಮೂರನೆಯ ಲೋಟದ ನಂತರ),
ಈನಿಡ್