ಗೇಜ್ ಇಟ್ಟು ನೋಡದ ಅರ್ಧ ಗಂಟೆ

ಅಕ್ಟೋಬರ್ 12, ಶನಿವಾರ

ಅರ್ಧ ಗಂಟೆ. ಅಷ್ಟೇ ಸಾಕಾಗಿತ್ತು.

ದೊಡ್ಡಪ್ಪ ವೆಂಡೆಲ್ ಅವರ 1949ರ ಕಾರಿನಿಂದ ಮೂರು ಗೇರಿನ ಪೆಟ್ಟಿಗೆ ತೆಗೆದು ಐದು ಗೇರಿನದನ್ನು ಕೂರಿಸಿದ್ದು ನಾನೇ. ಸೋಮವಾರಕ್ಕೆ ಅವರ ಲೈಸೆನ್ಸ್ ಮುಗಿಯುತ್ತದೆ. ಕಣ್ಣು ಮಂಜಾಗಿರುವುದರಿಂದ ಇನ್ನೊಂದು ಸಿಗುವುದಿಲ್ಲ. ಅದಕ್ಕೆ ಮೊದಲು ಒಂದು ಸಲ ಹೆದ್ದಾರಿಯಲ್ಲಿ, ಎಂಜಿನ್ ಮೂರು ಗೇರಿನಲ್ಲಿ ಕಿರುಚುತ್ತಿದ್ದ ಹಾಗೆ ಕಿರುಚದೆ, ಡೆನ್ವರ್‌ವರೆಗೆ ಓಡಿಸಬೇಕೆಂದು ಅವರ ಆಸೆ.

ಇವತ್ತು ಹೊರಟೆವು. ಗಂಟೆಗೆ ಅರವತ್ತೈದು ಮೈಲಿ ವೇಗದಲ್ಲೂ ಎಂಜಿನ್ ಬರೀ ಗುನುಗುತ್ತಿತ್ತು. "ನೋಡೇ ಮಾರ್ಲಿಸ್, ಲಾರಿನೇ ಹಿಂದೆ ಹಾಕ್ಬಿಟ್ಟೆ!" ಎಂದು ನಕ್ಕರು. ನಲವತ್ತನೇ ಮೈಲಿಗೆ ಗೇರ್‌ಬಾಕ್ಸ್ ಅರಚಿ ನಿಂತಿತು.

ಕಾರನ್ನು ಎಳೆಸಿಕೊಂಡು ಬರುವಾಗ ದಾರಿಯುದ್ದಕ್ಕೂ ಗೇರ್‌ಬಾಕ್ಸ್ ಮಾರಿದವನನ್ನು ಬೈದರು. "ಹಾಳಾದವ್ನು, ಸವೆದ ಬೇರಿಂಗ್ ಹಾಕಿ ತಲೆಗೆ ಕಟ್ಟಿದಾನೆ." ನಾನು ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಸುಮ್ಮನಿರಲು ಆಗಲಿಲ್ಲ.

"ಅವನದಲ್ಲ ದೊಡ್ಡಪ್ಪ, ತಪ್ಪು ನಂದು. ಪೆಟ್ಟಿಗೆ ಎಂಜಿನ್ನಿಗೆ ನೆಟ್ಟಗೆ ಕೂತಿದೆಯಾ ಅಂತ ಡಯಲ್ ಗೇಜ್ ಇಟ್ಟು ಅಳತೆ ನೋಡ್ಲೇ ಇಲ್ಲ, ಅರ್ಧ ಗಂಟೆ ಕೆಲಸ ಅದು. ಸಾಕಾಗಿಹೋಗಿತ್ತು, ಬೋಲ್ಟ್ ಬಿಗಿದ್ಬಿಟ್ಟೆ. ಓರೆ ಕೂತು ಬೇರಿಂಗ್ ಹಾಳಾಯ್ತು."

ಶಾಲೆಯನ್ನೂ ಹೀಗೆಯೇ ಬಿಟ್ಟೆ, ಕೊನೆಯ ವರ್ಷದಲ್ಲಿ, ಸಾಕಾಗಿಹೋಗಿ.

ಅವರು ಎಳೆಯುವ ಲಾರಿಯ ಕಿಟಕಿ ಗಾಜು ಇಳಿಸಿದರು. ಆಮೇಲೆ, "ನಲವತ್ತು ಮೈಲಿ ಓಡಿಸಿದ್ನಲ್ಲೇ. ಬೆಣ್ಣೆ ಇದ್ದ ಹಾಗಿತ್ತು," ಎಂದರು.

ಸೋಮವಾರದೊಳಗೆ ಬೇರಿಂಗ್ ಬರುವುದಿಲ್ಲ, ಎಲ್ಲ ಕಡೆ ಕೇಳಿದೆ. ಎರಡು ಸಲ ತೊಳೆದರೂ ಕೈಯಿಂದ ಗೇರ್ ಎಣ್ಣೆಯ ವಾಸನೆ ಹೋಗಿಲ್ಲ. ಅವರು ನನಗೆ ಒಂದು ಮಾತು ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.