ಗೀಟು ಹಾಕದ ಉತ್ತರ

ಅಂಚಿನೂರು, ಎರಡು ಸಾವಿರದ ನೂರ ಆರನೆಯ ಹಗಲು, ಮಧ್ಯಾಹ್ನಕ್ಕೆ ಮೂರು ನಿದ್ದೆ ಬಾಕಿ.

ಭೂಮಿಯ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳೇ,

ಮೇಲಿನ ತಾರೀಖು ನಿಮಗೆ ಅರ್ಥವಾಗಿರಲಾರದು. ಮುಂದೆ ಬರುವ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಚಂದ್ರನ ಮೇಲೆ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಹೇಳಿದವಳು. ಇಲ್ಲಿ ಒಮ್ಮೆ ಹುಟ್ಟಿದ ಸೂರ್ಯ ಮತ್ತೆ ಹುಟ್ಟಲು ನಿಮ್ಮ ಇಪ್ಪತ್ತೊಂಬತ್ತೂವರೆ ದಿನ ಬೇಕು. ಕತ್ತಲೆಯನ್ನೂ ಸೇರಿಸಿ ಅದನ್ನು ನಾವು ಒಂದು ಹಗಲು ಎನ್ನುತ್ತೇವೆ. ಅಷ್ಟು ಹೊತ್ತಿನಲ್ಲಿ ಎಷ್ಟೋ ಸಲ ಮಲಗಿ ಏಳಬೇಕಾಗುವುದರಿಂದ ನಿಮ್ಮ ಒಂದು ದಿನ ನಮಗೆ ಒಂದು ನಿದ್ದೆ. ಊರು ಕಟ್ಟಿ ನಿಮ್ಮ ಲೆಕ್ಕದಲ್ಲಿ ನೂರ ಎಪ್ಪತ್ತು ವರ್ಷವಾಯಿತು. ಊರು ಹುಟ್ಟುವ ಎಷ್ಟೋ ಮೊದಲಿನವರಾದ ನಿಮ್ಮನ್ನು ಈ ಕಾಗದ ಹೇಗೆ ತಲುಪುತ್ತದೆ ಎಂದು ನಾನು ಯೋಚಿಸಿಲ್ಲ. ಬರೆಯುವುದಷ್ಟೇ ನನ್ನ ಕೈಯಲ್ಲಿರುವುದು.

ನಮ್ಮ ಊರು ಬಂಡೆಯ ಒಳಗಿದೆ. ಸುರಂಗವೇ ಬೀದಿ. ಸುರಂಗ ಕೊರೆದ ಮೊದಲಿಗರು ಉತ್ತರ ಕರ್ನಾಟಕದ ಕಲ್ಲುಗಣಿಗಳಿಂದ ಬಂದವರು, ಅವರ ಮಾತು ಇಲ್ಲಿ ಉಳಿದಿದೆ. ಇಡೀ ಊರಿಗೆ ಒಂದೇ ಉದ್ದನೆಯ ಕಿಟಕಿ. ಅದರಾಚೆ ನಡುಮಧ್ಯಾಹ್ನವೂ ಆಕಾಶ ಕಪ್ಪು, ಏಕೆಂದರೆ ಸೂರ್ಯನ ಬೆಳಕನ್ನು ಚದುರಿಸಿ ನೀಲಿ ಮಾಡುವ ಗಾಳಿ ಇಲ್ಲ. ಕಿಟಕಿಯ ಎದುರಿನ ಬೆಂಚುಗಳ ಮೇಲೆ ಕುಳಿತು ಜನ ರೊಟ್ಟಿ ತಿನ್ನುತ್ತಾರೆ, ಬಟ್ಟೆ ಹೊಲಿಯುತ್ತಾರೆ, ಜಗಳವಾಡುತ್ತಾರೆ. ಅವರೆಲ್ಲ ಕಾಯುವುದು ಇಣುಕನ್ನು.

ಇಣುಕು ಏನೆಂದು ಹೇಳುತ್ತೇನೆ. ಚಂದ್ರ ಒಂದೇ ಮುಖವನ್ನು ಭೂಮಿಗೆ ತೋರಿಸುತ್ತದೆ ಎಂದು ನೀವು ಓದಿರುತ್ತೀರಿ. ಆ ಮುಖದ ನಡುವಿನ ಊರುಗಳಲ್ಲಿ ಭೂಮಿ ನೆತ್ತಿಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿರುತ್ತದೆ. ಬೆನ್ನಿನ ಕಡೆಯ ಊರುಗಳಿಗೆ ಅದು ಕಾಣುವುದೇ ಇಲ್ಲ. ನಾವಿರುವುದು ಮುಖ ಮುಗಿದು ಕಿವಿ ಶುರುವಾಗುವಲ್ಲಿ. ಇಲ್ಲಿ ಭೂಮಿ ಬೆಟ್ಟದ ಸಾಲಿನ ಮೇಲೆ ತಲೆ ಎತ್ತುತ್ತದೆ. ಪೂರ್ತಿ ಮೇಲೆ ಬರಲು ಒಂದು ನಿದ್ದೆ ಹಿಡಿಯುತ್ತದೆ. ಚಾಚಿದ ಕೈಯ ಮುಷ್ಟಿಯಷ್ಟೂ ಎತ್ತರಕ್ಕೆ ಹೋಗದೆ ನಿಲ್ಲುತ್ತದೆ. ಹದಿಮೂರು ಹದಿನಾಲ್ಕು ನಿದ್ದೆ ಕಂಡು, ಮತ್ತೆ ಅಷ್ಟೇ ಕಾಲ ಮರೆಯಾಗುತ್ತದೆ. ಅದರ ನೀಲಿ ಅಂಚು ಕಂಡೊಡನೆ ಊರೆಲ್ಲ ಎದ್ದು ನಿಂತು “ಬಂದ್ಲು” ಎನ್ನುತ್ತದೆ. ಊಟದ ನಡುವೆ ಇದ್ದವರೂ ಏಳಬೇಕು.

ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಹತ್ತು ಪ್ರಶ್ನೆ. ಹತ್ತೂ ಸರಿಯಾದವರಿಗೆ ಮಾತ್ರ ಹೊರನಡೆಯ ತರಬೇತಿ, ಎಂದರೆ ಉಡುಪು ತೊಟ್ಟು ಬಂಡೆಯಿಂದ ಹೊರಗೆ ಹೋಗುವ ಹಕ್ಕು. ಏಳನೆಯ ಪ್ರಶ್ನೆ: ಭೂಮಿ ಏಕೆ ಏಳುತ್ತದೆ? ಪುಸ್ತಕದ ಉತ್ತರ: ಭೂಮಿಯು ನಮ್ಮನ್ನು ಕಾಣಲು ತನ್ನ ಹಾದಿಯಲ್ಲಿ ಏರಿ ಬರುತ್ತದೆ. ಅದು ತಪ್ಪೆಂದು ನನಗೆ ಮೊದಲ ವರ್ಷದಿಂದಲೂ ಗೊತ್ತಿತ್ತು. ಹದಿನೆಂಟು ವರ್ಷ ಅದನ್ನೇ ಬರೆಸಿದೆ. ನನಗೆ ಅದರಿಂದ ನಾಚಿಕೆಯಾಗಿತ್ತು ಎಂದರೆ ಸುಳ್ಳು. ಏನೂ ಆಗಿರಲಿಲ್ಲ.

ಈ ಸಲ ಶಿವಲೀಲಾ ಎಂಬ ಹದಿಮೂರರ ಹುಡುಗಿ ತರಗತಿಯ ನಡುವೆ ಒಂದು ದೀಪವಿಟ್ಟಳು. ಸುತ್ತ ಮೊಟ್ಟೆಯಾಕಾರದ ಗೆರೆ ಎಳೆದಳು, ದೀಪ ಒಂದು ಬದಿಗೆ ಹತ್ತಿರವಾಗುವ ಹಾಗೆ. ಕಿವಿಗೆ ಬಿಳಿ ಕಾಗದದ ಚೂರು ಅಂಟಿಸಿಕೊಂಡು ಗೆರೆಯ ಮೇಲೆ ನಡೆದಳು. ಗೆಳತಿಯರ ಚಪ್ಪಾಳೆಯ ತಾಳಕ್ಕೆ ಮೈಯನ್ನು ಒಂದೇ ಸಮ ತಿರುಗಿಸಿದಳು, ಒಂದು ಸುತ್ತಿಗೆ ಒಂದೇ ತಿರುವು. ಹೆಜ್ಜೆ ಮಾತ್ರ ದೀಪದ ಹತ್ತಿರ ಬೇಗ, ದೂರದಲ್ಲಿ ನಿಧಾನ. ಚಂದ್ರ ಭೂಮಿಯನ್ನು ಸುತ್ತುವುದು ಹಾಗೆಯೇ. ದೀಪ ಭೂಮಿ, ಅವಳು ಚಂದ್ರ, ಕಿವಿಯ ಕಾಗದ ನಮ್ಮ ಊರು.

“ಕಿವಿಗೆ ಕಾಗದ ಹಚ್ಕೊಂಡು ಕುಣ್ಯಾಕತ್ತಾಳ ನೋಡ್ರೀ ಅಕ್ಕೋರ!” ಎಂದು ಹಿಂದಿನ ಸಾಲು ನಕ್ಕಿತು.

ಕಾಗದದ ಮೇಲೆ ಬೆಳಕು ಒಮ್ಮೆ ಬಿತ್ತು, ಒಮ್ಮೆ ಬೀಳಲಿಲ್ಲ.

“ದೀಪ ಎಲ್ಲಿ ಎದ್ದೈತ್ರೀ? ಇದ್ದಲ್ಲೇ ಐತಿ. ಓಲಾಡಿದಾಕಿ ನಾನು,” ಎಂದಳು ಶಿವಲೀಲಾ.

ಪರೀಕ್ಷೆಯಲ್ಲೂ ಅವಳು ಅದನ್ನೇ ಬರೆದಳು: ಭೂಮಿ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಓಲಾಡುವವರು ನಾವು. ಆ ಉತ್ತರಕ್ಕೆ ಅಡ್ಡಗೀಟು ಹಾಕಿ ಸಹಿ ಮಾಡುವುದು ನನ್ನ ಕೆಲಸ. ನಾನು ಮಾಡಲಿಲ್ಲ.

ಶಾಲಾ ಸಮಿತಿಯ ಅಧ್ಯಕ್ಷರು ಸೋಮರಾಯ, ಎಪ್ಪತ್ತು ದಾಟಿದವರು. ಅವರು ಕೆಟ್ಟವರಲ್ಲ. ಅವರ ಬಾಲ್ಯದಲ್ಲಿ ಆಹಾರದ ನೌಕೆಯೊಂದು ಒಡೆದು, ಊರಿನ ನಲವತ್ತು ಜನ ಹಸಿವಿನಿಂದ ಸತ್ತಿದ್ದರು.

“ನಮ್ಮವ್ವ ಆ ಕಿಟಕ್ಯಾಗ ಕುಂತು ಹನ್ನೆರಡು ಕೂಸಿನ ಜೀವಾ ಹಿಡದಾಳ ಅಕ್ಕೋರ. ‘ಬಂದ್ಲು ನೋಡ್ರಿ, ನಮ್ಮನ್ನ ನೋಡಾಕ ಬಂದ್ಲು’ ಅಂತ ಹೇಳಿ ಹೇಳಿ. ನೀವು ಆಕಿ ಬಂದೇ ಇಲ್ಲ ಅಂತೀರಿ. ಹ್ಯಾಂಗ ಬಾಯಿ ಬರ್ತೈತಿ ನಿಮಗ?”

“ಹುಡುಗಿ ಖರೇ ಬರದಾಳ್ರೀ.”

“ಒಂದು ಗೀಟು ಹಾಕ್ರಿ. ಗೀಟಿಗೇನು ನೋವಾಗ್ತೈತೇನು?”

“ಹಾಕಂಗಿಲ್ಲ.”

ಭೂಮಿಯಿಂದ ಯಂತ್ರಗಳು ತೆಗೆದ, ಓಲಾಟ ಕಾಣುವ ಚಂದ್ರನ ಚಿತ್ರಗಳನ್ನು ತೋರಿಸಿದೆ. ಅವರು ನೋಡಲಿಲ್ಲ. “ಯಂತ್ರ ಬೇಡಿದ ಚಿತ್ರ ಕೊಡ್ತೈತಿ. ನಮ್ಮೂರಿನ ಹೆಸರ ಕೇಳದ ಮನಷ್ಯಾರು ಕೈಯಾರೆ ಬರದದ್ದಿದ್ರ ತರ್ರಿ. ಆವಾಗ ಒಪ್ತೀನಿ.”

ತರಗತಿ ಈಗ ಬೇರೆಯವರದು. ನಾನು ಗಾಳಿಯ ಜಾಲರಿ ತೊಳೆಯುವ ಕೋಣೆಯಲ್ಲಿದ್ದೇನೆ. ಉತ್ತರ ತಿದ್ದಿ ಬರೆದರೆ ಪಾಸು ಮಾಡುತ್ತೇವೆ ಎಂದು ಶಿವಲೀಲಾಳಿಗೂ ಹೇಳಿದರು. “ಬರದದ್ದು ಬರದೇನಿ,” ಎಂದಳಂತೆ. ಇನ್ನು ನಾಲ್ಕು ಇಣುಕಿನೊಳಗೆ ಇದು ತೀರ್ಮಾನವಾಗದಿದ್ದರೆ ಹೊರಗಿನ ನೆಲವನ್ನು ಅವಳು ಎಂದೂ ಮೆಟ್ಟುವುದಿಲ್ಲ. ಸೋಮರಾಯರ ತಾಯಿ ಹನ್ನೆರಡು ಮಕ್ಕಳನ್ನು ಉಳಿಸಿದ್ದು ನಿಜ. ಅವರನ್ನು ಉಳಿಸಿದ್ದು ಅವಳು, ಭೂಮಿಯಲ್ಲ. ಅದನ್ನು ಹೇಳಲು ಯಾರ ಅಪ್ಪಣೆಯೂ ನನಗೆ ಬೇಕಿಲ್ಲ.

ಸೋಮರಾಯರು ಕೇಳಿದ, ನಮ್ಮ ಊರು ಹುಟ್ಟುವ ಮೊದಲಿನ ಮನುಷ್ಯರು ನೀವೇ. ಆದ್ದರಿಂದ ಕೇಳುತ್ತಿದ್ದೇನೆ. ತದಿಗೆಯಿಂದ ಹುಣ್ಣಿಮೆಯವರೆಗೆ, ಸಂಜೆ ಚಂದ್ರನನ್ನು ನೋಡಿ. ಉಳಿದ ಮಚ್ಚೆಗಳಿಂದ ಬೇರೆಯಾಗಿ, ನಮ್ಮ ಊರಿರುವ ಅಂಚಿನ ಹತ್ತಿರ ಒಂಟಿಯಾಗಿ ಒಂದು ದುಂಡು ಕಪ್ಪು ಮಚ್ಚೆ ಇದೆ. ಅದಕ್ಕೂ ಅಂಚಿಗೂ ನಡುವಿನ ಜಾಗ ಎಷ್ಟೆಂದು ಬಿಡಿಸಿಕೊಳ್ಳಿ. ಮೂರು ನಾಲ್ಕು ತಿಂಗಳು ಹೀಗೆ ಮಾಡಿ. ಆ ಜಾಗ ಒಮ್ಮೆ ಅಗಲವಾಗುತ್ತದೆ, ಒಮ್ಮೆ ಕಿರಿದಾಗುತ್ತದೆ. ಚಂದ್ರ ಓಲಾಡುವುದು ಅದೇ. ಅಗಲವಾದಾಗ ನಮ್ಮ ಕಿಟಕಿಯಲ್ಲಿ ನೀವಿರುತ್ತೀರಿ. ಪ್ರತಿ ಹಾಳೆಯ ಮೇಲೂ ತಾರೀಖು, ನಿಮ್ಮ ಹೆಸರು, ಊರು ಬರೆದು ಜೋಪಾನವಾಗಿಡಿ. ನೂರಾರು ವರ್ಷ ಉಳಿದು ನನ್ನ ಕೈಗೆ ಸಿಗುವಂಥ ಕಡೆ ಇಡಿ.

ಚಿತ್ರ ಚೆನ್ನಾಗಿ ಬರದಿದ್ದರೆ ಚಿಂತೆಯಿಲ್ಲ. ಕಂಡಷ್ಟನ್ನೇ ಬಿಡಿಸಿ. ಹಿರಿಯರು ಯಾರಾದರೂ ಅದನ್ನು ತಿದ್ದಲು ಕೈ ಚಾಚಿದರೆ, ಪೆನ್ಸಿಲು ಕೊಡಬೇಡಿ.

ಅನಸೂಯಾ ಕಟಗಿ