ಕೆಂಪು ಖಣ, ಹಸಿರು ಖಣ

ಹಗರಿಬೊಮ್ಮನಹಳ್ಳಿ
ಶನಿವಾರ, ೫-೬-೨೦೦೪

ಪ್ರೀತಿಯ ವಾಣಿ,

ನಿನ್ನ ಮಂಡಿನೋವು ಹೇಗಿದೆ? ನಮ್ಮ ಅಮೃತಾ ಬೆಂಗಳೂರಿನ ಅನ್ನ ಉಣ್ಣುತ್ತಾಳೋ, ಇನ್ನೂ ರೊಟ್ಟಿಯೇ ಬೇಕೆಂದು ತಟ್ಟೆ ತಳ್ಳುತ್ತಾಳೋ? ನಾನು ಆರಾಮ. ಹಗಲು ಖಾನಾವಳಿ, ರಾತ್ರಿ ಸೊಳ್ಳೆ ಹಾವಳಿ.

ತರಬೇತಿ ಕೇಂದ್ರದವರು ಇನ್ನೊಂದು ವರ್ಷ ಅಲ್ಲೇ ಇರಿ, ಹದಿನೈದರೊಳಗೆ ತಿಳಿಸಿ ಎಂದಿದ್ದಾರೆಂದು ನೀನು ಬರೆದಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬಟ್ಟೆ ಅಂಗಡಿಯಿಂದ ಮನೆಗೆ, ಮನೆಯಿಂದ ಬಸ್‌ಸ್ಟ್ಯಾಂಡಿಗೆ ಸುಮ್ಮನೆ ಅಲೆಯುತ್ತೇನೆ. ಆಟಿಸಂ ಇರುವ ಮಗುವಿಗೆ ನಮ್ಮೂರಲ್ಲೇನಿದೆ ಎಂದು ಕೇಳಿದ್ದೀಯ. ಇರುವುದು ನಮ್ಮ ಓಣಿಯ ಶಾಲೆಯೊಂದೇ. ಹೋದ ವರ್ಷ ಅವಳು ಅಲ್ಲಿ ಪಾಠಕ್ಕೆ ಹೆದರಲಿಲ್ಲ, ಗಂಟೆಗೆ ಹೆದರಿದಳು. ಬೇವಿನ ಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡಿಗೆ ಆಯಾ ಕರಿಯಕ್ಕ ಬಡಿದಾಗಲೆಲ್ಲ ಕಿವಿ ಮುಚ್ಚಿಕೊಂಡು ಮನೆಗೆ ಓಡಿಬರುತ್ತಿದ್ದಳು.

ಅದಕ್ಕೇ ಮೊನ್ನೆ ಹೆಡ್‌ಮಾಸ್ಟರ್ ನಾಗೇಂದ್ರಪ್ಪನವರ ಬಳಿ ಹೋದೆ. 'ಒಂದು ಹುಡುಗಿ ಸಲುವಾಗಿ ಸಾಲಿ ಗಂಟಿ ನಿಲ್ಲಸ್ಲೇನ್ರಿ?' ಎಂದರು. ನಿಲ್ಲಿಸಬೇಡಿ, ಮೆತ್ತಗೆ ಮಾಡಿ ಎಂದು ನಿಮ್ಮವ್ವ ಹೊಲಿದ ದಪ್ಪ ಕೌದಿಯನ್ನೇ ಒಯ್ದು ಕಂಬಿಗೆ ಸುತ್ತಿದೆ. ಕರಿಯಕ್ಕ ಬಡಿದದ್ದು ಕರಿಯಕ್ಕನಿಗೂ ಕೇಳಿಸಲಿಲ್ಲ. ಊಟದ ಹೊತ್ತು ಮೀರಿದರೂ ಇಡೀ ಶಾಲೆ ಹಸಿದುಕೊಂಡು ಮಗ್ಗಿ ಹೇಳುತ್ತಿತ್ತು. ಬೈಸಿಕೊಂಡು ಬಂದೆ. ಕೌದಿ ಹರಿದಿದೆ, ಅವ್ವನಿಗೆ ಹೇಳಬೇಡ.

ಆಗ ನಿನ್ನ ಪತ್ರ ನೆನಪಾಯಿತು. ಅಲ್ಲಿಯ ಟೀಚರು ಕೂರಬೇಕಾದಾಗ ಕೆಂಪು ಚೀಟಿ, ಮನೆಗೆ ಹೊರಡುವಾಗ ಹಸಿರು ಚೀಟಿ ತೋರಿಸುತ್ತಾರೆ, ಮುಂದೇನೆಂದು ಗೊತ್ತಾದರೆ ಇವಳು ಅಳುವುದಿಲ್ಲ ಎಂದಿದ್ದೆಯಲ್ಲ. ನಿನ್ನೆ ಅಂಗಡಿಯಿಂದ ರವಿಕೆಯ ಕೆಂಪು ಖಣ ಒಂದು, ಹಸಿರು ಖಣ ಒಂದು ತೆಗೆದು ಕೋಲಿಗೆ ಕಟ್ಟಿ ಒಯ್ದೆ. 'ಸಾಲಿನೋ ಸೀಮಂತನೋ ಇದು?' ಎಂದು ಹೆಡ್‌ಮಾಸ್ಟರು ಹಣೆ ಚಚ್ಚಿಕೊಂಡರು. ಆದರೂ ಕರಿಯಕ್ಕ ಬಾಗಿಲಿಂದ ಬಾಗಿಲಿಗೆ ಹೋಗಿ ಬೀಸಿದಳು. 'ಕೈನೋವು ಬಿಡಿಸಿ ಕಾಲುನೋವು ಹಚ್ಚಿದ್ರಿ ಸಾವ್ಕಾರ್ರ' ಎಂದು ನನಗೆ ಮಂಗಳಾರತಿಯೂ ಆಯಿತು. ಹಸಿರಿಗೆ ಓಟ, ಕೆಂಪಿಗೆ ಪಾಠ ಎಂದು ಮಕ್ಕಳಿಗೆ ಪದ ಕಟ್ಟಿಕೊಟ್ಟಿದ್ದೇನೆ. ಓಣಿ ತುಂಬ ಈಗ ಅದೇ ಹಾಡು.

ನಾಗೇಂದ್ರಪ್ಪ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಅಮೃತಾ ಮುಟ್ಟಗೊಟ್ಟರೆ ನನ್ನದೊಂದು ಮುತ್ತು, ಇಲ್ಲವಾದರೆ ದೂರದಿಂದಲೇ ನಮಸ್ಕಾರ. ನೀನು ಮೆಟ್ಟಿಲು ಹತ್ತಬೇಡ.

ನಿನ್ನ
ಗುರುಬಸವರಾಜ

ತಾ.ಕ.: ಅಂಚೆಯವನು ಚೀಲ ಕಟ್ಟುತ್ತಿದ್ದಾನೆ. ಇಲ್ಲಿಗೆ ಬರುವಾಗ ನಾಗೇಂದ್ರಪ್ಪ ದಾರಿಯಲ್ಲೇ ತಡೆದು, 'ಹುಡುಗೀನ ಕರಸ್ರಿ, ನೋಡೋಣು. ತಾಯಿನೂ ಬಂದು ಕುಂದರ್ಲಿ, ನಮ್ ಮಾಸ್ತರ್ರಿಗೂ ಒಂದಿಷ್ಟು ಕಲಸ್ಲಿ' ಎಂದರು. ಕಂಬಿಯನ್ನು ಮರದಿಂದ ಇಳಿಸಿದ್ದಾರೆ. ಕೇಂದ್ರಕ್ಕೆ ಮಾತು ಕೊಡುವ ಮೊದಲು ಒಮ್ಮೆ ಬಂದುಬಿಡಿ. ಬಾಯಿಂದ ಹೇಳಿದರೆ ಅಮೃತಾ ನಂಬುವುದಿಲ್ಲ. ಹಸಿರು ಖಣದ ತುಂಡೊಂದನ್ನು ಇದರೊಳಗೆ ಇಟ್ಟಿದ್ದೇನೆ, ತೋರಿಸು.